ಜೈಲಿನ ಭಯ ಇರುವ ಕಡೆ ಅಬಾರ್ಷನ್ ಎಷ್ಟು ಅಂತ ಎಣಿಸುವುದು ಹೇಗೆ?

ಬೆಳಗಾವಿ ಹುಡುಗಿ
ಎಲ್ಲರಿಗೂ ನಮಸ್ಕಾರ. ಎಂಎ ಸೆಮಿನಾರಿಗೆ ಐರ್ಲೆಂಡಿನ ಹಳೆಯ ಗರ್ಭಪಾತ ಕಾನೂನಿನ ಬಗ್ಗೆ ಬರೆಯುತ್ತಿದ್ದೇನೆ. ಸವಿತಾ ಹಾಲಪ್ಪನವರ ತವರು ನಮ್ಮ ಬೆಳಗಾವಿ. 2012ರ ಅಕ್ಟೋಬರಿನಲ್ಲಿ ಗಾಲ್ವೇಯಲ್ಲಿ ಅವರು ತೀರಿಕೊಂಡಾಗ ಇಲ್ಲಿ ಎಷ್ಟು ಸಂಕಟ, ಎಷ್ಟು ಸಿಟ್ಟು ಇತ್ತು ಅಂತ ನಿಮಗೆಲ್ಲ ಗೊತ್ತು. ಮಗು ಉಳಿಯುವುದಿಲ್ಲ ಎಂದು ಗೊತ್ತಿದ್ದರೂ ಅದರ ಹೃದಯ ಬಡಿಯುತ್ತಿದೆ ಅಂತ ಅಬಾರ್ಷನ್ ಮಾಡಲಿಲ್ಲ, ನಂಜೇರಿ ಅವರ ಜೀವವೇ ಹೋಯಿತು.

ನನ್ನ ತೊಂದರೆ ಅಂಕಿಗಳದ್ದು. ಐರ್ಲೆಂಡ್ ಸರ್ಕಾರದ ವರದಿಯಲ್ಲಿ 2016ಕ್ಕೆ ಬರೀ 25 ಅಂತ ಇದೆ. ಬೇರೆ ಕಡೆ ನೋಡಿದರೆ ಸಾವಿರಗಟ್ಟಲೆ ಅಂತಾರೆ. 14 ವರ್ಷ ಜೈಲು ಆಗಬಹುದಾದ ಕೆಲಸವನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ? ದೊಡ್ಡ ಸಂಖ್ಯೆಗಳೆಲ್ಲ ಹೋರಾಟಗಾರರ ಊಹೆಯೇ, ಅಥವಾ ನಿಜವಾದ ಲೆಕ್ಕ ಇದೆಯೇ?

ಗಾಲ್ವೇ ಕನ್ನಡತಿ
ಲೆಕ್ಕ ಇದೆ, ಆದರೆ ಅದು ಐರ್ಲೆಂಡಿನಲ್ಲಿ ಇರಲಿಲ್ಲ, ಇಂಗ್ಲೆಂಡಿನಲ್ಲಿತ್ತು. ನೀವು ನೋಡಿದ 25 ಅನ್ನುವುದು ತಾಯಿಯ ಜೀವಕ್ಕೆ ಅಪಾಯ ಅಂತ 2013ರ ಕಾಯ್ದೆಯ ಕೆಳಗೆ ಆಸ್ಪತ್ರೆಯಲ್ಲಿ ಮಾಡಿದ್ದು ಮಾತ್ರ. ಉಳಿದವರು ಹಡಗು, ವಿಮಾನ ಹತ್ತಿ ಹೋಗುತ್ತಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರತಿ ಅಬಾರ್ಷನ್ನಿಗೂ ಒಂದು ಫಾರಂ ತುಂಬಬೇಕು, ಅದರಲ್ಲಿ ವಿಳಾಸ ಇರುತ್ತದೆ. 2016ರಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟವರು 3,265 ಮಂದಿ. 2001ರಲ್ಲಿ 6,673 ಇತ್ತು. ಹೆದರಿ ಅಲ್ಲಿನ ಗೆಳತಿಯದೋ ನೆಂಟರದೋ ವಿಳಾಸ ಬರೆಸಿದವರು ಇದರಲ್ಲಿ ಬರುವುದಿಲ್ಲ. ನೆದರ್ಲೆಂಡ್ಸ್‌ಗೆ ಹೋದವರೂ ಬರುವುದಿಲ್ಲ.

ಇನ್ನೊಂದು ಮಾತು. 2001ರಿಂದ ಸಂಖ್ಯೆ ಇಳಿದದ್ದನ್ನು ನೋಡಿ ಅಬಾರ್ಷನ್ನೇ ಅಷ್ಟು ಕಡಿಮೆಯಾಯಿತು ಅಂತ ಬರೆಯಬೇಡಿ. ಅಂಚೆಯಲ್ಲಿ ಅಬಾರ್ಷನ್ ಮಾತ್ರೆ ಬರಲು ಶುರುವಾಗಿತ್ತು. 2010ರಿಂದ 2015ರವರೆಗೆ ಐರ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಸೇರಿ 5,650 ಹೆಂಗಸರು ವಿಮೆನ್ ಆನ್ ವೆಬ್ ಸಂಸ್ಥೆಯ ಬಳಿ ಮಾತ್ರೆ ಕೇಳಿದ್ದರು. 2018ರ ಜನಮತದಲ್ಲಿ ನಿಷೇಧ ಬಿದ್ದುಹೋಯಿತು. 2019ರಲ್ಲಿ, ಹೊಸ ಕಾನೂನಿನ ಮೊದಲ ವರ್ಷವೇ, ದಾಖಲಾದದ್ದು 6,666. ಇಷ್ಟೂ ಜನ ಒಂದೇ ವರ್ಷದಲ್ಲಿ ಹೊಸದಾಗಿ ಹುಟ್ಟಿಕೊಂಡರಾ?

ಕೆಂಪುಮಣ್ಣು
ಐರ್ಲೆಂಡಿಗೆ ಪಕ್ಕದಲ್ಲೇ ಇಂಗ್ಲೆಂಡ್ ಇತ್ತು, ಅದಕ್ಕೇ ಇಷ್ಟು ಸಿಕ್ಕಿತು. ಬ್ರೆಜಿಲ್, ಫಿಲಿಪ್ಪೀನ್ಸ್‌ನಂಥ ಕಡೆ ಏನು ಮಾಡುತ್ತಾರೆ? ಅಬಾರ್ಷನ್ ಅಂಕಿಅಂಶಗಳ ಮೇಲೆ ಅಧ್ಯಯನ ಮಾಡುವ ಅಮೆರಿಕದ ಗುಟ್‌ಮಾಕರ್ ಇನ್‌ಸ್ಟಿಟ್ಯೂಟಿನವರು 1990ರ ದಶಕದಿಂದ ಬಳಸುತ್ತಿರುವ ಒಂದು ದಾರಿ ಇದೆ. ಅಬಾರ್ಷನ್ ಆಮೇಲೆ ರಕ್ತಸ್ರಾವ, ಸೋಂಕು ಅಂತ ಆಸ್ಪತ್ರೆಗೆ ಬಂದವರನ್ನು ಎಣಿಸುತ್ತಾರೆ. ಅದರಲ್ಲಿ ತಾನಾಗಿ ಗರ್ಭ ಹೋದವರ ಅಂದಾಜನ್ನು ಕಳೆಯುತ್ತಾರೆ. ಆಮೇಲೆ ಡಾಕ್ಟರು, ನರ್ಸು, ಸೂಲಗಿತ್ತಿಯರನ್ನು ಕೇಳುತ್ತಾರೆ: ತೆಗೆಸಿಕೊಂಡವರಲ್ಲಿ ಎಷ್ಟು ಜನಕ್ಕೆ ತೊಂದರೆ ಆಗುತ್ತದೆ, ಅವರಲ್ಲಿ ಆಸ್ಪತ್ರೆಯವರೆಗೆ ಬರುವವರು ಎಷ್ಟು? ಐವರಲ್ಲಿ ಒಬ್ಬಳು ಬರುತ್ತಾಳೆ ಅಂದರೆ ಐದರಿಂದ ಗುಣಿಸುತ್ತಾರೆ.

ಲೆಕ್ಕ ಅಲ್ಲಾಡುವುದು ಆ ಐದರಲ್ಲೇ. ಅದು ತಿಳಿದವರ ಅಂದಾಜು, ಎಣಿಕೆ ಅಲ್ಲ. ಮಿಸೊಪ್ರೊಸ್ಟಾಲ್ ಬಂದ ಮೇಲಂತೂ ಇನ್ನೂ ಕಷ್ಟ. ಅದು ಹೊಟ್ಟೆಹುಣ್ಣಿನ ಮಾತ್ರೆ. 1980ರ ದಶಕದ ಕೊನೆಗೆ ಬ್ರೆಜಿಲ್ ಹೆಂಗಸರು ಅದನ್ನು ಇದಕ್ಕೆ ಬಳಸತೊಡಗಿದರು. ಕಡ್ಡಿ, ಕಷಾಯಕ್ಕಿಂತ ಅಪಾಯ ಎಷ್ಟೋ ಕಡಿಮೆ, ಹಾಗಾಗಿ ಆಸ್ಪತ್ರೆಗೆ ಬರುವವರೂ ಕಡಿಮೆ. ಹಳೆಯ ಗುಣಕವನ್ನೇ ಹಿಡಿದುಕೊಂಡು ಕೂತರೆ ಅಬಾರ್ಷನ್ ಇಳಿದ ಹಾಗೆ ಕಾಣುತ್ತದೆ, ನಿಜಕ್ಕೂ ಇಳಿದಿರಲೇಬೇಕು ಅಂತಿಲ್ಲ.

ನನಗೆ ಜಾಸ್ತಿ ನಂಬಿಕೆ ಇರುವುದು ಬ್ರೆಜಿಲ್‌ನ 2010 ಮತ್ತು 2016ರ ಸಮೀಕ್ಷೆಗಳ ಮೇಲೆ. ಮನೆಗೆ ಬಂದವರು ಚೀಟಿ ಕೊಡುತ್ತಾರೆ, ಅವಳು ಗುರುತು ಹಾಕಿ ಮುಚ್ಚಿದ ಪೆಟ್ಟಿಗೆಗೆ ಹಾಕುತ್ತಾಳೆ, ಯಾರೂ ನೋಡುವುದಿಲ್ಲ. 40 ವರ್ಷದ ಹೊತ್ತಿಗೆ ಸುಮಾರು ಐವರಲ್ಲಿ ಒಬ್ಬರು ಮಾಡಿಸಿಕೊಂಡಿದ್ದರು. ಆದರೆ ಕೇಳಿದ್ದು ಓದುಬರಹ ಬಲ್ಲ, ಪಟ್ಟಣದ ಹೆಂಗಸರನ್ನು ಮಾತ್ರ. ಹಳ್ಳಿಯವರು ಲೆಕ್ಕದ ಹೊರಗೇ ಉಳಿದರು, ಇದು ನನಗೆ ಬೇಜಾರಿನ ವಿಷಯ.

ಲೆಕ್ಕದ ಮೇಷ್ಟ್ರು
ಗುಣಕ ಅಲ್ಲಾಡುತ್ತದೆ ಅಂದಮೇಲೆ ಒಂದೇ ಸಂಖ್ಯೆ ಹೇಳುವುದು ಸರಿಯಲ್ಲ, ಇಷ್ಟರಿಂದ ಇಷ್ಟರವರೆಗೆ ಅಂತ ಹೇಳಬೇಕು. ಪತ್ರಿಕೆಯವರು ನಡುವಿನ ಒಂದನ್ನು ಎತ್ತಿಕೊಂಡು ಹೆಡ್‌ಲೈನ್ ಮಾಡುತ್ತಾರೆ, ಅಲ್ಲೇ ಎಡವಟ್ಟು.

ಹಾಗಂತ ಸರ್ಕಾರದ ಸಂಖ್ಯೆಯೇ ಗಟ್ಟಿ ಅಂತಲೂ ತಿಳಿಯಬೇಡಿ. ನಮ್ಮಲ್ಲಿ 1971ರಿಂದಲೇ ಕಾನೂನು ಅವಕಾಶ ಕೊಟ್ಟಿದೆ. ಆದರೂ ಸರ್ಕಾರಿ ಲೆಕ್ಕಕ್ಕೆ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 7 ಲಕ್ಷ. ಆಸ್ಪತ್ರೆಗಳ ಸಮೀಕ್ಷೆ ಮತ್ತು ಮಾತ್ರೆ ಮಾರಾಟದ ಅಂಕಿಗಳನ್ನು ಸೇರಿಸಿ 2015ಕ್ಕೆ ಹಾಕಿದ ಅಂದಾಜು 1 ಕೋಟಿ 56 ಲಕ್ಷ. ಅದರಲ್ಲಿ 73% ಆಸ್ಪತ್ರೆಯ ಹೊರಗೆ, ಮಾತ್ರೆಯಿಂದಲೇ ಆದದ್ದು. ಅವಕಾಶ ಇರುವ ಕಡೆಯೇ ಹೀಗಾದರೆ ಜೈಲು ಇರುವ ಕಡೆ ಕೇಳುವುದೇ ಬೇಡ.

ಬೆಳಗಾವಿ ಹುಡುಗಿ
ತುಂಬ ಥ್ಯಾಂಕ್ಸ್. ಅಕ್ಕಾ, ಹಾಗಾದರೆ 2016ಕ್ಕೆ ನಾನು ಯಾವ ಸಂಖ್ಯೆ ಬರೆಯಲಿ? 25 ಮತ್ತು 3,265ಕ್ಕೆ ಮಾತ್ರೆ ಕೇಳಿದವರನ್ನೂ ಕೂಡಿಸಬಹುದಾ?

ಗಾಲ್ವೇ ಕನ್ನಡತಿ
ಕೂಡಿಸಬೇಡಿ. "ಕನಿಷ್ಠ 3,265, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟವರು" ಅಂತ ಪೂರ್ತಿ ಬರೆಯಿರಿ, 25ನ್ನು ಪಕ್ಕದಲ್ಲಿ ಬೇರೆಯಾಗಿ ಕೊಡಿ. ಮಾತ್ರೆ ಕೇಳಿದವರೆಲ್ಲ ಅದನ್ನು ತೆಗೆದುಕೊಂಡರು ಅಂತಿಲ್ಲ. ಕೇಳಿದ ಮೇಲೆ ಮನಸ್ಸು ಬದಲಾಯಿಸಿ ಇಂಗ್ಲೆಂಡಿಗೇ ಹೋದವರಿದ್ದರೆ ಅವರನ್ನು ಎರಡು ಸಲ ಎಣಿಸಿದಂತಾಗುತ್ತದೆ. ಅದೂ ಅಲ್ಲದೆ ಆ 5,650ರಲ್ಲಿ ಉತ್ತರ ಐರ್ಲೆಂಡಿನವರೂ ಇದ್ದಾರೆ, ಅದು 2015ಕ್ಕೇ ನಿಲ್ಲುತ್ತದೆ.