ಎಂಡ್‌ಗೇಮ್ ನೋಡಿದೋರು ಹೇಳ್ರಪ್ಪಾ, ಮೂರು ತಾಸು ಕೂರಬಹುದಾ?

ಹದಡಿ ರಸ್ತೆ ಹುಡುಗ: ತಮ್ಮನ ಕಾಟ ತಡೀಲಾರ್ದೆ ನಾಳೆ ‘ಅವೆಂಜರ್ಸ್: ಎಂಡ್‌ಗೇಮ್’ಗೆ ಟಿಕೆಟ್ ಮಾಡ್ಸೀನಿ. 181 ನಿಮಿಷ ಅಂತೆ! ಈ ಮಾರ್ವೆಲ್ ಸೂಪರ್‌ಹೀರೋ ಸರಣಿಯ ಹಿಂದಿನ 21 ಸಿನಿಮಾದಾಗ ನಾ ನೋಡಿದ್ದು ಮೂರೇ. ಇಷ್ಟು ಹವಾ ಎಬ್ಬಿಸ್ಯಾರಲ್ಲ, ತಕ್ಕಂಗೆ ಐತೋ, ಬರೀ ಗುಲ್ಲೋ?

ಮಂಡಕ್ಕಿ ಮಿರ್ಚಿ: ಶುಕ್ರವಾರ ಮೊದಲ ಆಟಕ್ಕೇ ಹೋಗಿದ್ದೆ. ಮೊದಲ ತಾಸಿನಾಗ ಹೊಡೆದಾಟ ಕಮ್ಮಿ, ಹಿಂದಿನ ಭಾಗದಾಗ ಸೋತೋರು ಕೂತು ಕೊರಗೋದೇ ಜಾಸ್ತಿ. ಪಕ್ಕದ ಸೀಟಿನೋನು ಗೊರಕೆ ಹೊಡೀತಿದ್ದ. ನಂಗೆ ಹಿಡಿಸಿದ್ದು ಮಾತ್ರ ಅದೇ ಭಾಗ. ಆಮೇಲೆ ಸುತ್ತಿಗೆ ದೃಶ್ಯ ಬಂತು ನೋಡ್ರಿ, ಗೊರಕೆಯೋನೂ ಎದ್ದು ಸಿಳ್ಳೆ! ಏನಂತ ಹೇಳಂಗಿಲ್ಲ. ಕಡೀ ಯುದ್ಧ ಮಾತ್ರ ಕತ್ತಲು ಕತ್ತಲು, ಯಾರು ಯಾರಿಗೆ ಹೊಡೀತಾರೋ ತಿಳೀಲಿಲ್ಲ. ಹೋಗೋಕೆ ಮುಂಚೆ ಆ ಹಿಂದಿನ ಭಾಗ ‘ಇನ್ಫಿನಿಟಿ ವಾರ್’ ಒಂದು ನೋಡ್ಕಂಡು ಹೋಗು, ಸಾಕು.

ಬೆಣ್ಣೆಮುದ್ದೆ: ಥೇಟರ್‌ನಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಎಲ್ಲಾ ಇತ್ತು, ಕನ್ನಡ ಇರ್ಲಿಲ್ಲ. ಅವ್ವನ ಕಿವಿಯಾಗ ನಾನೇ ಡಬ್ಬಿಂಗ್ ಮಾಡಿದೆ, ಹಿಂದಿನ ಸಾಲಿನೋರು ಬೈದ್ರು.

ಹದಡಿ ರಸ್ತೆ ಹುಡುಗ: ನೋಡ್ಕಂಡು ಬಂದ್ವಿ. ನಡುವೆ ಕಾಲದಾಗ ಹಿಂದಕ್ಕೆ ಹೋಗೋದು ಅರ್ಧ ಅರ್ಥ ಆಗ್ಲಿಲ್ಲ. ತಮ್ಮ ಮಾತ್ರ ಬೆಣ್ಣೆ ದೋಸೆ ಮುಂದೆ ಇಟ್ಕಂಡು ಮುಟ್ಟದೇ ಕುಂತಾನೆ, ಕಣ್ಣು ಕೆಂಪಗೆ. ಬೆಣ್ಣೆ ಕರಗಿ ತಟ್ಟೆ ಅಂಚಿಗೆ ಬಂತು.