ಅಪ್‌ಡೇಟ್: ಎಲ್ಲ ಆರಿಸಿದರೂ ಮಿನುಗುತ್ತಿದ್ದ ಮೀಟರ್

ರಾತ್ರಿ ಲೈಟು, ಫ್ಯಾನು, ಟಿವಿ ಎಲ್ಲ ಆರಿಸಿದ ಮೇಲೂ ಮೀಟರಿನ ಕೆಂಪು ದೀಪ ಯಾಕೆ ಮಿನುಗುತ್ತಲೇ ಇರುತ್ತದೆ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕಳ್ಳ ಸಿಕ್ಕಿದ್ದಾನೆ!

ನೀವು ಹೇಳಿದ ಹಾಗೇ ದೀಪ ಎಷ್ಟು ಸಲ ಮಿನುಗುತ್ತದೆ ಅಂತ ಎಣಿಸಿ ನೋಡಿದೆ. ನಮ್ಮ ಮೀಟರ್ 1 ಯೂನಿಟ್‌ಗೆ 3200 ಸಲ ಮಿನುಗುತ್ತದೆ. ಫ್ರಿಜ್ ಕೂಡ ಆರಿಸಿ 10 ನಿಮಿಷ ಎಣಿಸಿದೆ. 16 ಸಲ ಬಂತು. ಅಂದರೆ 30 ವ್ಯಾಟ್, ತಿಂಗಳಿಗೆ ಹತ್ತಿರ ಹತ್ತಿರ 22 ಯೂನಿಟ್. ಸುಮ್ನೆ ಹೋಗುತ್ತಿತ್ತು!

ಆಮೇಲೆ ಒಂದೊಂದೇ ಪ್ಲಗ್ ತೆಗೆದೆ. ಮೊಬೈಲ್ ಚಾರ್ಜರ್ ತೆಗೆದರೆ ಏನೂ ವ್ಯತ್ಯಾಸ ಕಾಣಲಿಲ್ಲ. ಸೆಟ್ ಟಾಪ್ ಬಾಕ್ಸ್ ತೆಗೆದಾಗ 16 ಇದ್ದದ್ದು 10ಕ್ಕೆ ಇಳಿಯಿತು. ರಿಮೋಟಿನಲ್ಲಿ ಆಫ್ ಮಾಡಿದ್ದರೂ ಅದೊಂದೇ ಸುಮಾರು 11 ವ್ಯಾಟ್ ತಿನ್ನುತ್ತಿತ್ತು. ಉಳಿದದ್ದು ರೂಟರ್, ಇನ್ವರ್ಟರ್. ಅವನ್ನು ಮುಟ್ಟಿಲ್ಲ, ಬೇಕೇ ಬೇಕಲ್ವಾ.

ಈಗ ಮಲಗುವಾಗ ಟಿವಿಯ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸುತ್ತೇವೆ. ಬೆಳಿಗ್ಗೆ ಬಾಕ್ಸ್ ಶುರುವಾಗಲು ಸ್ವಲ್ಪ ಹೊತ್ತು ಬೇಕು. ಅಪ್ಪ ಮೊದಲು ಗೊಣಗಿದರು, ಈಗ ಅವರೇ ಆರಿಸುತ್ತಾರೆ. ನಮ್ಮದು ಗೃಹಜ್ಯೋತಿ ಮನೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ನಾವು ಆ ಗಡಿಯ ಹತ್ತಿರವೇ ಇರುತ್ತೇವೆ. ಹಾಗಾಗಿ ಒಂದೊಂದು ಯೂನಿಟ್ಟೂ ನಮಗೆ ದೊಡ್ಡದೇ.