ಅಪ್‌ಡೇಟ್: ಅಣ್ಣನ ಮೆದುಳಿನ ಗೆಡ್ಡೆ, ನಾವು ಡಾಕ್ಟರ್‌ಗೆ ಕೇಳಿದ್ದು

ದಾವಣಗೆರೆಯಲ್ಲಿ ಎಂಆರ್‌ಐ ಮಾಡಿಸಿದಾಗ ಅಣ್ಣನ ಮೆದುಳಿನಲ್ಲಿ ಗೆಡ್ಡೆ ಕಂಡಿತ್ತು. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಾಗ ಡಾಕ್ಟರ್ ಹತ್ತಿರ ಏನೇನು ಕೇಳಬೇಕು ಅಂತ ನಿಮ್ಮನ್ನು ಕೇಳಿದ್ದೆ. ಆಪರೇಷನ್ ಆಗಿದೆ, ಅಣ್ಣ ಮನೆಯಲ್ಲಿದ್ದಾನೆ. ಉತ್ತರ ಕೊಟ್ಟ ಎಲ್ಲರಿಗೂ ಕೈ ಮುಗಿಯುತ್ತೇನೆ.

ನೀವು ಹೇಳಿದಂತೆ ಪ್ರಶ್ನೆಗಳನ್ನು ಕನ್ನಡದಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋದೆವು, ಮುಖ್ಯವಾದದ್ದು ಮೇಲೆ. ಡಾಕ್ಟರ್ ಎದುರು ಸಿಗುವ ಸಮಯ ಕಡಿಮೆ ಅಲ್ವಾ. ಮೊದಲನೆಯದನ್ನು ಅಣ್ಣನೇ ಕೇಳಿದ: "ಸರ್, ಇದು ಎಷ್ಟನೇ ಗ್ರೇಡು?" ಬಯಾಪ್ಸಿ ವರದಿ ಬರಲಿ ಎಂದರು. ಬಂತು, ಗ್ಲಯೋಮಾ (ನರಕೋಶಗಳಿಗೆ ಆಸರೆಯಾಗುವ ಕೋಶಗಳಿಂದ ಹುಟ್ಟುವ ಗೆಡ್ಡೆ), ಗ್ರೇಡ್ 2. ಗ್ರೇಡ್ 1ರಿಂದ 4ರವರೆಗೆ ಇರುತ್ತದೆ, 4 ಬೇಗ ಬೆಳೆಯುವಂಥದ್ದು. ಐಡಿಎಚ್ ಪರೀಕ್ಷೆ, ಅಂದರೆ ಗೆಡ್ಡೆಯ ಐಡಿಎಚ್ ಜೀನ್‌ನಲ್ಲಿ ಬದಲಾವಣೆ ಇದೆಯಾ ಅಂತ ನೋಡುವುದು, ಆಗಿದೆಯಾ ಅಂತಲೂ ಕೇಳಿದೆವು. ಗ್ಲಯೋಮಾದಲ್ಲಿ ಇದನ್ನು ತಪ್ಪದೆ ಕೇಳಿ, ಮುಂದಿನ ಚಿಕಿತ್ಸೆಗೆ ಅದು ಬೇಕು.

ಆದರೆ ಮನೆಗೆ ಬಂದ ಮೇಲೆ ಜಾಸ್ತಿ ಕೆಲಸಕ್ಕೆ ಬಂದದ್ದು ಅತ್ತಿಗೆ ಕೇಳಿದ ಪ್ರಶ್ನೆಗಳು. ಮೆದುಳಿನ ಊತ ಇಳಿಯಲು ಕೊಟ್ಟ ಡೆಕ್ಸಾಮೆಥಾಸೋನ್ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದಂತೆ ನಿಧಾನಕ್ಕೆ ಇಳಿಸಬೇಕು. ಅದರಿಂದ ರಕ್ತದಲ್ಲಿ ಸಕ್ಕರೆ ಏರಬಹುದು, ಅಣ್ಣನಿಗೆ ಮೊದಲೇ ಸಕ್ಕರೆ ಕಾಯಿಲೆ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು. ಬೈಕ್ ಸದ್ಯಕ್ಕೆ ಬೇಡ ಎಂದರು. ಅಣ್ಣನಿಗೆ ಅದೇ ದೊಡ್ಡ ಬೇಜಾರು.

ರೇಡಿಯೇಷನ್ ಈಗಲೇ ಬೇಕಾ, ಸ್ಕ್ಯಾನ್ ಮಾಡುತ್ತಾ ಕಾಯಬಹುದಾ ಅನ್ನುವುದು ಮುಂದಿನ ಭೇಟಿಯಲ್ಲಿ ತೀರ್ಮಾನ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಯಾರಾದರೂ ನಿಮ್ಹಾನ್ಸ್‌ಗೆ ಹೊರಟಿದ್ದರೆ ಹೇಳಿ, ನಮ್ಮ ಚೀಟಿಯ ಫೋಟೋ ಕಳಿಸುತ್ತೇನೆ.